ಕಲ್ಲಿನ ಪಾಠಕ್ಕೆ ಒಂದು ಅಡುಗೆಮನೆ ತಕ್ಕಡಿ ಸಾಕು

ದಾವಣಗೆರೆ, ಚಿತ್ರದುರ್ಗದ ಕಡೆಯ ಶಾಲೆಗಳು ಮಕ್ಕಳನ್ನು ಕೋಟೆಗೆ ಪ್ರವಾಸ ಕರೆದೊಯ್ಯುತ್ತವೆ. ಓಬವ್ವನ ಕಿಂಡಿ ಆಯ್ತು, ಅಕ್ಕ-ತಂಗಿ ಹೊಂಡ ಆಯ್ತು, ಮಂಡಕ್ಕಿ-ಮಿರ್ಚಿ ತಿಂದು ಬಸ್ ಹತ್ತಿದರು. ಕೋಟೆ ಕೂತಿರುವ ಗ್ರಾನೈಟ್ ಬಂಡೆಯ ಬಗ್ಗೆ ಒಂದು ಮಾತಿಲ್ಲ. ಅದೇ ಮಕ್ಕಳು ಪರೀಕ್ಷೆಯಲ್ಲಿ ‘ಅಗ್ನಿಶಿಲೆಗೆ ಉದಾಹರಣೆ: ಗ್ರಾನೈಟ್, ಬಸಾಲ್ಟ್’ ಎಂದು ಬರೆದು ಅಂಕ ತಗೊಳ್ತಾರೆ. ಎರಡು ಕಲ್ಲು ಕೈಗಿಟ್ಟು ಯಾವುದು ಯಾವುದು ಅಂದರೆ ಮುಖ ಮುಖ ನೋಡ್ತಾರೆ.

ಶಿಲೆ, ಮಣ್ಣು, ಭೂಕಂಪದ ಪಾಠವಿರುವುದು ಸಮಾಜ ವಿಜ್ಞಾನದಲ್ಲಿ. ಬೀಕರ್, ಅಯಸ್ಕಾಂತ ಇರುವುದು ವಿಜ್ಞಾನದ ಬೀರುವಿನಲ್ಲಿ, ಬೀಗದ ಕೈ ಇನ್ನೊಬ್ಬ ಮೇಷ್ಟ್ರ ಹತ್ತಿರ. ಪಠ್ಯ ಬದಲಾಗಲಿ ಅಂತ ಕಾಯಬೇಕಿಲ್ಲ, ಇಬ್ಬರೂ ಸೇರಿ ಕೆಲವು ಪೀರಿಯಡ್ ತೆಗೆದುಕೊಂಡರೆ ಆಯಿತು. ಅಂಗಡಿಯಲ್ಲಿ ಸಿಗುವ, ಹೆಬ್ಬೆಟ್ಟಿನ ಗಾತ್ರದ ಕಲ್ಲು ಅಂಟಿಸಿದ ಡಬ್ಬಿ ಮಾತ್ರ ಕೊಳ್ಳಬೇಡಿ. ಗೀಚುವಂತಿಲ್ಲ, ತೂಗುವಂತಿಲ್ಲ, ಅದು ಬರೀ ಷೋಕೇಸ್ ಸಾಮಾನು.

ಶುರು ಮಾಡುವುದಾದರೆ ಸಾಂದ್ರತೆಯಿಂದ. ಒಂದು ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿ ಬೇಕು. ಕಲ್ಲನ್ನು ಒಣದಾಗಿ ತೂಗಿ, 300 ಗ್ರಾಂ ಅಂದುಕೊಳ್ಳಿ. ಆಮೇಲೆ ತಕ್ಕಡಿಯ ಮೇಲೆ ಅರ್ಧ ನೀರು ತುಂಬಿದ ಡಬ್ಬ ಇಟ್ಟು ಸೊನ್ನೆ ಮಾಡಿ. ಕಲ್ಲಿಗೆ ದಾರ ಕಟ್ಟಿ ನೀರಲ್ಲಿ ಪೂರ್ತಿ ಮುಳುಗಿಸಿ, ಆದರೆ ಕೈ ಬಿಡಬೇಡಿ. ತಕ್ಕಡಿ ಎಷ್ಟು ಗ್ರಾಂ ತೋರಿಸುತ್ತದೋ ಕಲ್ಲಿನ ಗಾತ್ರ ಅಷ್ಟು ಘನ ಸೆಂಟಿಮೀಟರ್. ತೂಕವನ್ನು ಈ ಗಾತ್ರದಿಂದ ಭಾಗಿಸಿದರೆ ಸಾಂದ್ರತೆ. 113 ಬಂದರೆ ಸಾಂದ್ರತೆ 2.65, ಗ್ರಾನೈಟ್ ಇರಬಹುದು. 100ರ ಹತ್ತಿರ ಬಂದರೆ 3, ಬಸಾಲ್ಟಿನಂಥ ಕರಿಕಲ್ಲಿನ ಜಾತಿ. ಒಳ್ಳೆ ಕಬ್ಬಿಣದ ಅದಿರಾದರೆ 4 ದಾಟುತ್ತದೆ. ಲೆಕ್ಕ ತಪ್ಪುವುದು ಹೆಚ್ಚಾಗಿ ಕಲ್ಲು ಡಬ್ಬದ ತಳ ಮುಟ್ಟಿದಾಗ. ಆಗ ಕಲ್ಲಿನ ಭಾರವೂ ಸೇರಿ ಅಂಕಿ ಏರುತ್ತದೆ, ಸಾಂದ್ರತೆ ಕಡಿಮೆ ಬರುತ್ತದೆ. ಗುಳ್ಳೆ ಅಂಟಿಕೊಂಡರೂ ಹಾಗೇ. 50 ಗ್ರಾಮಿನ ಚೂರು ತಂದರಂತೂ ಒಂದೆರಡು ಗ್ರಾಂ ಹೆಚ್ಚುಕಮ್ಮಿಗೇ ಗ್ರಾನೈಟ್ ಹೋಗಿ ಕರಿಕಲ್ಲಾಗುತ್ತದೆ.

ಕಲ್ಲು ಉಜ್ಜಿದಾಗ ಬೀಳುವ ಗೀರಿನ ಬಣ್ಣದಿಂದಲೂ ಗುರುತು ಹಿಡಿಯಬಹುದು, ಅದಕ್ಕೆ ಬಾತ್‌ರೂಮ್ ಟೈಲ್ಸಿನ ಹಿಂಬದಿ ಸಾಕು. ಕಬ್ಬಿಣದ ಅದಿರುಗಳಲ್ಲಿ ಹೆಮಟೈಟ್ ಕೆಂಪು ಗೀರು ಬಿಡುತ್ತದೆ, ಮ್ಯಾಗ್ನೆಟೈಟ್ ಕಪ್ಪು. ಬೆಣಚುಕಲ್ಲು ಉಜ್ಜಿದಾಗ ಉದುರುವ ಪುಡಿ ಟೈಲ್ಸಿನದ್ದು, ಕಲ್ಲಿನದ್ದಲ್ಲ.

ಕಲ್ಲು ತರುವಾಗ ಎಲ್ಲಿಂದ ಅಂತ ಬರೆಯಲೇಬೇಕು: ಊರು, ಜಾಗ, ಬಂಡೆಯಿಂದ ಒಡೆದದ್ದೋ ಬಿದ್ದಿದ್ದೋ. ರಸ್ತೆ ಬದಿಯಲ್ಲಿ ಆಯ್ದದ್ದು ಯಾವುದೋ ಕ್ರಷರ್‌ನಿಂದ ಲಾರಿಯಲ್ಲಿ ಬಂದ ಜಲ್ಲಿಯಾಗಿರಬಹುದು. ಊರಲ್ಲಿ ಬೋರ್ ಕೊರೆಯುತ್ತಿದ್ದರೆ ರಾಡ್‌ಗೊಂದು ಹಿಡಿ ಪುಡಿ ಕವರಿಗೆ ಹಾಕಿ, ಆಳ ಬರೆದು ಕೊಡಿ ಅಂತ ಗಾಡಿಯವರನ್ನೇ ಕೇಳಿ. ಆ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ಮಕ್ಕಳನ್ನು ಹತ್ತಿರ ಬಿಡಬೇಡಿ. ತೊಳೆದು ಒಣಗಿಸಿ ಸಾಲಾಗಿ ಇಟ್ಟರೆ ಮಣ್ಣು, ಗರಸು, ಗಟ್ಟಿ ಕಲ್ಲು ಎಲ್ಲೆಲ್ಲಿ ಶುರು ಅಂತ ಕಾಣುತ್ತದೆ.

ಕೋಟೆಗೆ ಹೋದ ಬಸ್ಸನ್ನು ಐಮಂಗಲದ ಕಡೆಯ ಮರಡಿಹಳ್ಳಿಗೂ ತಿರುಗಿಸಿ. ಅಲ್ಲಿರುವ ದಿಂಬು ಲಾವಾ 1976ರಿಂದ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ, ವಯಸ್ಸು ಸುಮಾರು 250 ಕೋಟಿ ವರ್ಷ. ಲಾವಾ ನೀರೊಳಗೆ ಉಕ್ಕಿದಾಗ ಹೊರಪದರ ತಟ್ಟನೆ ಗಟ್ಟಿಯಾಗುತ್ತದೆ. ಒಳಗಿನದು ಅದನ್ನು ಸೀಳಿಕೊಂಡು ಮತ್ತೊಂದು ಉಂಡೆಯಾಗಿ ಹೊರಬರುತ್ತದೆ. ಹೀಗೆ ಒಂದರ ಮೇಲೊಂದು ಪೇರುತ್ತವೆ. ಚಿತ್ರದುರ್ಗ ಒಂದು ಕಾಲಕ್ಕೆ ನೀರಡಿಯಲ್ಲಿತ್ತು ಅನ್ನುವುದಕ್ಕೆ ಮಕ್ಕಳು ಮುಟ್ಟಿ ನೋಡಬಹುದಾದ ಸಾಕ್ಷಿ ಅದು. ಒಂದೊಂದು ದಿಂಬಿನ ಪಕ್ಕ ಸ್ಕೇಲ್ ಇಟ್ಟು ಫೋಟೊ ತೆಗೆಯಲಿ, ಚಿತ್ರ ಬರೆಯಲಿ. ಸುತ್ತಿಗೆ ಶಾಲೆಯಲ್ಲೇ ಬಿಟ್ಟು ಹೋಗಿ, ಅಲ್ಲಿ ಕಲ್ಲು ಒಡೆಯುವಂತಿಲ್ಲ.