ಅವಳನ್ನೇ ಕೇಳಿ ಮಾರಾಯ್ರೆ

ನಿನ್ನೆ ಸಂಜೆ ನಮ್ಮನೆ ಜಗುಲಿಯಲ್ಲಿ ದೊಡ್ಡ ಯುದ್ಧ. ಶಿವಮೊಗ್ಗದ ಮಳೆ ಗೊತ್ತಲ್ಲ, ಕರೆಂಟ್ ಹೋಗಿತ್ತು. ಅಕ್ಕನ ಮಗ, ಅವನ ಮೂವರು ಸ್ನೇಹಿತರು ಲ್ಯಾಪ್‌ಟಾಪ್ ಬ್ಯಾಟರಿ ಸಾಯೋವರೆಗೂ ಅಮೆರಿಕದ ಹಳೇ ಬಾಹ್ಯಾಕಾಶ ಧಾರಾವಾಹಿ 'ಸ್ಟಾರ್ ಟ್ರೆಕ್' ನೋಡಿ, ಆಮೇಲೆ ಜಗಳಕ್ಕೆ ಕೂತರು. ವಿಷಯ ಏನು? ಅದರ ಬಾಹ್ಯಾಕಾಶ ನೌಕೆಯಲ್ಲಿ ಅಧಿಕಾರಿಯಾಗಿರುವ ಉಹುರಾಳ ಗಿಡ್ಡ ಲಂಗ. ನಾಲ್ಕೂ ಗಂಡು ಹುಡುಗರು! ನನಗೆ ಆ ಧಾರಾವಾಹಿಯ ಹುಚ್ಚು ಎಷ್ಟಿದೆ ಅಂತ ನಿಮಗೆಲ್ಲ ಗೊತ್ತೇ ಇದೆ. ಮಂಡಕ್ಕಿ ಕಲಸುತ್ತಾ ಎಷ್ಟು ಹೊತ್ತು ತಡೆದುಕೊಳ್ಳಲಿ?

ಒಬ್ಬ ಅಂದ, ಅದು ಶೋಷಣೆ. ಇನ್ನೊಬ್ಬ ಅಂದ, 1966ರಲ್ಲಿ ಮಿನಿಸ್ಕರ್ಟೇ ಬಿಡುಗಡೆ. ಮೂರನೆಯವನು ಧಾರಾವಾಹಿ ಶುರುವಾಗೋ ಮುಂಚೆ ಪರೀಕ್ಷೆಗೆ ಅಂತ ತೆಗೆದ ಮೊದಲ ಪೈಲಟ್ ಕಂತಿನಲ್ಲಿ ಹೆಂಗಸರಿಗೂ ಪ್ಯಾಂಟೇ ಇತ್ತು, ಆಮೇಲೆ ಲಂಗ ಬಂತು ಅಂತ ಪುರಾವೆ ಕೊಟ್ಟ. ಎಲ್ಲ ಸರಿ. ಆದರೆ ಹಾಕಿಕೊಂಡವಳು ಏನಂದಳು ಅಂತ ಒಬ್ಬನಾದರೂ ಕೇಳಬೇಕಲ್ಲ? ಉಹುರಾ ಆಗಿದ್ದ ನಟಿ ನಿಶೆಲ್ ನಿಕೋಲ್ಸ್ ಎಷ್ಟೋ ಸಲ ಹೇಳಿದ್ದಾರೆ, ಅದರಲ್ಲಿ ನನಗೆ ಅವಮಾನ ಅನಿಸಲಿಲ್ಲ, ಬೀದಿಯಲ್ಲೂ ಅಂಥದ್ದನ್ನೇ ಹಾಕುತ್ತಿದ್ದೆ ಅಂತ. ಅದೇ ಮುಂದಿನ ಸರಣಿಯಲ್ಲಿ ಡಿಯಾನಾ ಟ್ರಾಯ್ ಆಗಿದ್ದ ಮರೀನಾ ಸರ್ಟಿಸ್, 1992ರಲ್ಲಿ ಎಲ್ಲರಂಥ ಸಮವಸ್ತ್ರ ಸಿಕ್ಕಾಗ ಖುಷಿಪಟ್ಟರು. ಎದೆ ಮುಚ್ಚಿದ ಮೇಲೆ ಪಾತ್ರಕ್ಕೆ ಮಿದುಳು ವಾಪಸ್ ಬಂತು ಅಂತ ತಮಾಷೆ ಮಾಡಿದ್ದೂ ಅವರೇ. ಒಬ್ಬರಿಗೆ ಗಿಡ್ಡ ಲಂಗ ಹಿತ, ಒಬ್ಬರಿಗೆ ಮುಚ್ಚಿದ ಅಂಗಿ ಹಿತ. ಈಗ ಯಾರ ಲಂಗಕ್ಕೆ ಟೇಪು ಹಿಡೀತೀರಿ?

(1987ರಲ್ಲಿ ಶುರುವಾದ ಆ ಮುಂದಿನ ಸರಣಿಯ ಮೊದಮೊದಲ ಕಂತುಗಳಲ್ಲಿ ಹಿಂದೆ ಓಡಾಡುವ ಕೆಲವು ಗಂಡಸರಿಗೂ ಅಂಥದೇ ಗಿಡ್ಡ ಉಡುಪು ಇತ್ತು. ಅವರ ತೊಡೆಯ ಬಗ್ಗೆ ಜಗುಲಿಯಲ್ಲಿ ಚಕಾರವಿಲ್ಲ.)

ನಮ್ಮ ಹುಡುಗನ ವಾದ, "ಚಿಕ್ಕಮ್ಮ, ಸಂಬಳ ತಗೊಂಡವರು ಮತ್ತಿನ್ನೇನು ಹೇಳ್ತಾರೆ? ಬಟ್ಟೆ ವಿನ್ಯಾಸ ಮಾಡಿದ್ದು ಗಂಡಸು." ಇರಬಹುದಪ್ಪ. ಆದರೆ ಅವರು ಹೇಳಿದ್ದು ಸುಳ್ಳು, ನೀನು ಊಹಿಸಿದ್ದು ನಿಜ, ಇದೆಂಥ ಲೆಕ್ಕ? ಅಷ್ಟು ಕಾಳಜಿ ಇದ್ದರೆ ಕ್ಯಾಪ್ಟನ್ ಕುರ್ಚಿ ನೋಡು. 1969ರ ಕೊನೆಯ ಕಂತಿನಲ್ಲಿ, ನಿಮ್ಮ ಕ್ಯಾಪ್ಟನ್‌ಗಳ ಲೋಕದಲ್ಲಿ ಹೆಂಗಸರಿಗೆ ಜಾಗವಿಲ್ಲ ಅಂತ ಒಬ್ಬಳು ಬಾಯಿಬಿಟ್ಟು ಹೇಳುತ್ತಾಳೆ. ಧಾರಾವಾಹಿಯ ಮುಖ್ಯ ಕ್ಯಾಪ್ಟನ್ ಹೆಂಗಸಾಗಲು 1995 ಬರಬೇಕಾಯ್ತು. ಇವರ ಕಣ್ಣು ಮಾತ್ರ ಮೊಣಕಾಲಿನಿಂದ ಮೇಲೇಳಲಿಲ್ಲ.

ನಾನು ಪಿಯುಸಿಗೆ ಮೊದಲ ಸಲ ಚೂಡಿದಾರ್ ಹಾಕಿದಾಗ ಅಪ್ಪ ಮೂರು ದಿನ ಮಾತಾಡಲಿಲ್ಲ. ನನಗೆ ಬಸ್ ಹತ್ತುವಾಗ ಲಂಗ ಎತ್ತಿ ಹಿಡಿಯೋ ಕೆಲಸ ತಪ್ಪಿತು. ನನ್ನ ಕ್ರಾಂತಿ ಅಷ್ಟೇ. ಈಗ ಅದೇ ಚೂಡಿದಾರ್, ವೇಲ್ ಸಮೇತ, ಮಗಳ ಕಾಲೇಜಿನಲ್ಲಿ ಕಡ್ಡಾಯ. ಅವಳಿಗೆ ಅದು ಜೈಲು.

ಒಂದು ಹೇಳಿಬಿಡ್ತೀನಿ. ಇಷ್ಟೆಲ್ಲ ಬರೆಯೋ ನಾನೇ ಕಳೆದ ದೀಪಾವಳಿಗೆ ನೆಂಟರು ಬರ್ತಾರೆ ಅಂತ ಮಗಳಿಗೆ, "ಚಡ್ಡಿ ಬದಲಾಯಿಸು" ಅಂದಿದ್ದೆ. "ಬೇಜಾರು ನಿಂಗಾ, ಅವರಿಗಾ?" ಅಂತ ಕೇಳಿದಳು. ನಾನು ಸುಮ್ನೆ ಪಾಯಸ ಕಲಕುತ್ತಾ ನಿಂತೆ. ಅವಳು ಬದಲಾಯಿಸಿದಳು. ಅದೇ ಇನ್ನೂ ಚುಚ್ಚುತ್ತೆ.

ರಾತ್ರಿ ಮಲಗಿದಾಗ ಅಮ್ಮ ನೆನಪಾದಳು. ಅಡಿಕೆ ಸುಲಿಯುವಾಗ ಸೀರೆ ಮೇಲೆ ಅಪ್ಪನ ಹಳೇ ಅಂಗಿ ಹಾಕಿ ಮೆಟ್ಟುಗತ್ತಿ ಮುಂದೆ ಕೂರುತ್ತಿದ್ದಳು. ಅಡಿಕೆ ಮಂಡಿಗೆ ಹೋಗೋದು, ದುಡ್ಡು ಎಣಿಸೋದು ಮಾತ್ರ ಅಪ್ಪ. ಆ ಅಂಗಿ ಬಗ್ಗೆ ನಾನು ಕಾಲೇಜಿನಲ್ಲಿ ಕವನ ಬೇರೆ ಬರೆದಿದ್ದೆ, ಬಂಡಾಯ, ಗಿಂಡಾಯ ಅಂತೆಲ್ಲ. ಅವಳನ್ನು ಕೇಳಿರಲಿಲ್ಲ.

ಬೆಳಿಗ್ಗೆ ಊರಿಗೆ ಫೋನ್ ಹಚ್ಚಿ ಕೇಳಿದೆ.

"ಎಂತ ಬಂಡಾಯ ಮಾರಾಯ್ತಿ? ಸೀರೆಗೆ ಅಡಿಕೆ ಕಲೆ ಆದ್ರೆ ಹೋಗ್ತಿತ್ತಾ?" ಅಂದಳು. ಆಮೇಲೆ ಸ್ವಲ್ಪ ತಡೆದು, "ಜೇಬು ಮಾತ್ರ ಚೆನ್ನಾಗಿತ್ತು ಮಾರಾಯ್ತಿ. ಕವಳದ ಸಂಚಿ ಅದರಲ್ಲೇ ಇರ್ತಿತ್ತು."