ನೀರು ನೋಡಿದವರು ಕಲ್ಲನ್ನೂ ನೋಡಿ ಬನ್ನಿ

ಅರಿಜೋನಾದ ಫೀನಿಕ್ಸ್‌ನಲ್ಲಿರುವ ನಮ್ಮವರಿಗೆ ಲೇಕ್ ಪ್ಲೆಸೆಂಟ್ ಹೊಸದಲ್ಲ. ರಜೆ ಬಂದರೆ ಬುತ್ತಿ ಕಟ್ಟಿಕೊಂಡು ಹೋಗೋದು, ದೋಣಿ ಹತ್ತೋದು, ಮೊಸರನ್ನ ತಿಂದು ಬರೋದು. ನಾನೂ ಎಷ್ಟೋ ವರ್ಷ ಅಷ್ಟೇ ಮಾಡಿದೆ.

ಈ ಕೆರೆ ಮನುಷ್ಯರು ಕಟ್ಟಿದ್ದು. ಅಗುವಾ ಫ್ರಿಯಾ ನದಿಗೆ 1927ರಲ್ಲಿ ಒಂದು ಅಣೆಕಟ್ಟು ಬಂತು, 1994ರಲ್ಲಿ ಅದಕ್ಕಿಂತ ದೊಡ್ಡದು. ಈಗಿನ ನೀರು ಬಹುಪಾಲು ಕೊಲರಾಡೊ ನದಿಯದು. ಚಳಿಗಾಲದಲ್ಲಿ ಕಾಲುವೆಯಿಂದ ಪಂಪ್ ಮಾಡಿ ತುಂಬುತ್ತಾರೆ, ಬೇಸಿಗೆಯಲ್ಲಿ ಬಿಡುತ್ತಾರೆ. ಹದ್ದುಗಳು ಗೂಡು ಕಟ್ಟುವ ಕಾಲಕ್ಕೆ ಒಂದು ಕಡೆ ದೋಣಿ ಬಿಡುವುದಿಲ್ಲ. ಅದಕ್ಕೆ ಗೊಣಗುವವರಿದ್ದಾರೆ. ನನಗಂತೂ ಅದು ಸರಿ ಅನಿಸುತ್ತದೆ. ದಡದಲ್ಲಿ ಕಾಡುಕತ್ತೆಗಳೂ ಸಿಗುತ್ತವೆ, ಹಿಂದೆ ಚಿನ್ನ ಹುಡುಕಿಕೊಂಡು ಬಂದವರು ಬಿಟ್ಟುಹೋದ ಕತ್ತೆಗಳ ಸಂತತಿ. ದಯವಿಟ್ಟು ಅವಕ್ಕೆ ಚಿಪ್ಸ್ ಹಾಕಬೇಡಿ.

ಆದರೆ ನಾನು ಹೇಳಬೇಕೆಂದಿದ್ದು ಕಲ್ಲಿನ ವಿಷಯ. ವಾಪಸ್ ಬರುವ ದಾರಿಯಲ್ಲೇ ಡೀರ್ ವ್ಯಾಲಿಯ ಕುಟ್ಟುಚಿತ್ರ ತಾಣ ಇದೆ. ಅಲ್ಲಿನ ಗುಡ್ಡದ ಕಪ್ಪು ಬಂಡೆಗಳ ಮೇಲೆ 1,500ಕ್ಕೂ ಜಾಸ್ತಿ ಕುಟ್ಟುಚಿತ್ರಗಳಿವೆ. ಕಾಲಾಂತರದಲ್ಲಿ ಕಪ್ಪಾದ ಮೇಲ್ಪದರವನ್ನು ಇನ್ನೊಂದು ಕಲ್ಲಿನಿಂದ ಕುಟ್ಟಿದರೆ ಒಳಗಿನ ತಿಳಿ ಬಣ್ಣ ಕಾಣುತ್ತದೆ. ಹತ್ತಿರ ನಿಂತು ನೋಡಿದೆ. ಕೊಂಬಿನ ಟಗರು, ಪಕ್ಕದಲ್ಲೊಂದು ಸುರುಳಿ. ಗೆರೆ ಅಂದುಕೊಂಡಿದ್ದು ಗೆರೆಯಲ್ಲ, ಒತ್ತೊತ್ತಾದ ನೂರಾರು ಚುಕ್ಕೆ. ಒಂದೊಂದು ಚುಕ್ಕೆಯೂ ಒಂದು ಏಟು. ಶತಮಾನಗಳ ಹಿಂದೆ ಇಲ್ಲಿ ಕುಟ್ಟಿದವರಲ್ಲಿ ಹೊಹೊಕಾಮ್ ಜನರೂ ಇದ್ದರು. ಇದೇ ಮರುಭೂಮಿಯಲ್ಲಿ ನೂರಾರು ಕಿಲೋಮೀಟರ್ ಕಾಲುವೆ ತೋಡಿ ಬೆಳೆ ಬೆಳೆದವರು ಅವರು.

ಮಗಳು ಮುಟ್ಟಲು ಕೈ ಚಾಚಿದಳು. "ಬೇಡ ಪುಟ್ಟಾ, ಕೈಯ ಎಣ್ಣೆ ಅಂಟಿದರೆ ಹಾಳಾಗುತ್ತೆ" ಅಂದೆ. ಕೈ ಹಿಂದಕ್ಕೆ ಕಟ್ಟಿಕೊಂಡು ಬಗ್ಗಿ ನೋಡಿದಳು.

ನನಗೆ ಆಗ ನಮ್ಮ ಕಪ್ಪಗಲ್ಲು ನೆನಪಾಯಿತು. ಬಳ್ಳಾರಿ ಪಕ್ಕದ ಆ ಗುಡ್ಡದಲ್ಲೂ ಹೀಗೇ ಕುಟ್ಟಿದ ಉದ್ದ ಕೊಂಬಿನ ಎತ್ತುಗಳಿವೆ, ಬಡಿದರೆ ಗಂಟೆಯಂತೆ ದನಿ ಕೊಡುವ ಬಂಡೆಗಳಿವೆ. ಅಷ್ಟು ಹತ್ತಿರ ಬೆಳೆದೂ ನಾನು ನೋಡಿರಲಿಲ್ಲ. ನಾವು ಹೋಗುವ ಮುಂಚೆಯೇ ಕಲ್ಲು ಒಡೆಯುವವರು ಅಲ್ಲಿಗೆ ಹೋಗಿ ಕೆಲವು ಬಂಡೆ ಒಡೆದರು. ಇದನ್ನು ಬರೆಯುವಾಗಲೂ ಹೊಟ್ಟೆ ಉರಿಯುತ್ತದೆ.

ಹಾಗಾಗಿ ಇನ್ನು ಮುಂದೆ ನಮ್ಮನೆಯಲ್ಲಿ ಮೊದಲು ಕಲ್ಲು, ಆಮೇಲೆ ನೀರು. ಬೆಳಗ್ಗೆ ಬಾಗಿಲು ತೆರೆದ ಕೂಡಲೇ ಹೋಗಿ. ಓರೆ ಬಿಸಿಲಿಗೆ ಚಿತ್ರ ಎದ್ದು ಕಾಣುತ್ತದೆ, ಮಧ್ಯಾಹ್ನ ಮಾಸಿದಂತಾಗುತ್ತದೆ. ಬರುವ ಶನಿವಾರ ನಾವು ಮತ್ತೆ ಹೊರಟಿದ್ದೇವೆ. ಕಾರಿನಲ್ಲಿ ಎರಡು ಸೀಟು ಖಾಲಿ ಇದೆ, ಬರುವವರು ಕಾಮೆಂಟ್ ಮಾಡಿ.