ಸ್ಪಷ್ಟನೆ: ಎಫ್‌ಡಿಎ ಕೇಳುವುದು ಎಕ್ಸ್‌ಪಿಟಿ ಕಡತವನ್ನು, ಸ್ಯಾಸ್ ಲೈಸೆನ್ಸನ್ನಲ್ಲ

"ಔಷಧ ಪ್ರಯೋಗದ ದತ್ತಾಂಶವನ್ನು ಸ್ಯಾಸ್ (SAS) ಎಂಬ ಲೈಸೆನ್ಸ್ ಬೇಕಾದ ತಂತ್ರಾಂಶದಲ್ಲೇ ಸಿದ್ಧಪಡಿಸಬೇಕು, ಆರ್‌ನಂಥ ಮುಕ್ತ ತಂತ್ರಾಂಶವನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪುವುದಿಲ್ಲ" ಎಂಬ ಮಾತು ಹರಿದಾಡುತ್ತಿದೆ. ಇದು ತಪ್ಪು. ವಿಶ್ಲೇಷಣೆಗೆ ಇಂಥದ್ದೇ ತಂತ್ರಾಂಶ ಬೇಕೆಂಬ ನಿಯಮವಿಲ್ಲ ಎಂದು ಎಫ್‌ಡಿಎ 2015ರಲ್ಲೇ ತಿಳಿಸಿದೆ. ಬಳಸಿದ ತಂತ್ರಾಂಶ ಮತ್ತು ಅದರ ಆವೃತ್ತಿಯನ್ನು ದಾಖಲಿಸಬೇಕು, ಅಷ್ಟೆ.

ಗೊಂದಲದ ಮೂಲ ಎಕ್ಸ್‌ಪಿಟಿ (XPT) ಕಡತ, ಅಂದರೆ ಎಫ್‌ಡಿಎಗೆ ದತ್ತಾಂಶ ಸಲ್ಲಿಸುವ ಕಡತ ರೂಪ. ಅದನ್ನು ರೂಪಿಸಿದ್ದು ಸ್ಯಾಸ್ ಕಂಪನಿ, ನಿಜ; ಆದರೆ ಅದರ ವಿವರಣೆ ಬಹಿರಂಗವಾಗಿದೆ, ಯಾವ ತಂತ್ರಾಂಶವೂ ಅದನ್ನು ಬರೆಯಬಹುದು. ಸಲ್ಲಿಸಬೇಕಾದದ್ದು 5ನೇ ಆವೃತ್ತಿ. ಇಂಥ ಕಡತ ಬರೆಯುವ ಆರ್‌ನ ಹೇವನ್ (haven) ಪ್ಯಾಕೇಜು ನಾವು ಹೇಳದಿದ್ದರೆ 8ನೇ ಆವೃತ್ತಿಯನ್ನು ಬರೆದುಬಿಡುತ್ತದೆ; ಬಹಳಷ್ಟು ಮಂದಿ ಎಡವುವುದು ಇಲ್ಲೇ. ಆವೃತ್ತಿ 5 ಎಂದು ಸ್ಪಷ್ಟವಾಗಿ ಕೊಡಿ.

ಮಿತಿಗಳು ಬಿಗಿ: ಚರಾಂಶದ (ದತ್ತಾಂಶದ ಕಾಲಮ್‌ನ) ಹೆಸರು 8 ಅಕ್ಷರ, ಲೇಬಲ್ 40, ಪಠ್ಯ 200 ಬೈಟ್. ಬೈಟ್ ಎಂಬುದನ್ನು ಗಮನಿಸಿ. ಪ್ರಯೋಗಾಲಯದ ಮೈಕ್ರೋ ಚಿಹ್ನೆ (µ) ಯುಟಿಎಫ್-8 ಅಕ್ಷರ ಸಂಕೇತ ಪದ್ಧತಿಯಲ್ಲಿ 2 ಬೈಟ್ ತಿನ್ನುತ್ತದೆ, ಮೂಲ ಇಂಗ್ಲಿಷ್ ಅಕ್ಷರಗಳಷ್ಟೇ ಇರುವ ಆಸ್ಕಿ ಪದ್ಧತಿಯಲ್ಲಿ ಅದಕ್ಕೆ ಜಾಗವೇ ಇಲ್ಲ. ಬದಲಿಗೆ ಇಂಗ್ಲಿಷ್‌ನ 'u' ಅಕ್ಷರ ಬಳಸಿ. ಪ್ರಯೋಗದ ದತ್ತಾಂಶವನ್ನು ಜೋಡಿಸುವ ಎಸ್‌ಡಿಟಿಎಮ್ (SDTM) ಮಾನಕದಲ್ಲಿ 200 ಬೈಟ್ ಮೀರಿದ ಪಠ್ಯದ ಉಳಿಕೆ ಸಾಮಾನ್ಯವಾಗಿ ಪೂರಕ ಕಡತಕ್ಕೆ ಹೋಗಬೇಕು, ಕತ್ತರಿಸಿ ಬಿಸಾಡುವಂತಿಲ್ಲ. ಆರ್‌ನ ಎಕ್ಸ್‌ಪೋರ್ಟ್‌ಆರ್ (xportr) ಪ್ಯಾಕೇಜು ಲೇಬಲ್, ಉದ್ದಗಳನ್ನು ನಿಮ್ಮ ವಿವರಣಾ ಪಟ್ಟಿಯಿಂದಲೇ ಹೊಂದಿಸುತ್ತದೆ. ನಿಯಮ ತಪಾಸಣೆಗೆ ಈ ಮಾನಕವನ್ನು ರೂಪಿಸುವ ಸಿಡಿಸ್ಕ್ (CDISC) ಸಂಸ್ಥೆಯ ಮುಕ್ತ 'ಕೋರ್' ಎಂಜಿನ್ ಇದೆ.

ಪುಕ್ಕಟೆ ಎಂದರೆ ಹೊಣೆಯಿಲ್ಲ ಎಂದಲ್ಲ. ಪ್ಯಾಕೇಜುಗಳ ಆವೃತ್ತಿಯನ್ನು ಆರ್‌ಎನ್ವ್ (renv) ಪ್ಯಾಕೇಜಿನಿಂದ ಬದಲಾಗದಂತೆ ಕಟ್ಟಿಹಾಕಿ, ಪರೀಕ್ಷೆಯ ದಾಖಲೆ ಇಟ್ಟುಕೊಳ್ಳಿ. ಆ ಹೊಣೆ ಪ್ರಾಯೋಜಕರದ್ದು, ಅಂದರೆ ಪ್ರಯೋಗ ನಡೆಸುವ ಕಂಪನಿಯದ್ದು, ಸ್ಯಾಸ್ ಬಳಸಿದರೂ.